ಒಕ್ಕಲು: ಕಣದ ಮಾತೋ, ಮನೆಯ ಮಾತೋ?

ಕಳೆದ ತಿಂಗಳು ಊರಿನಿಂದ ಒಂದು ಕರೆಯೋಲೆ ಬಂತು. ಚಿಕ್ಕಪ್ಪ ಕಟ್ಟಿಸಿದ ಹೊಸ ಮನೆಯ ‘ಮನೆ ಒಕ್ಕಲು’. ನಮ್ಮ ದಕ್ಷಿಣ ಕನ್ನಡದ ಕಡೆ ಗೃಹಪ್ರವೇಶಕ್ಕೆ ಹೀಗೆ ಹೇಳುವುದುಂಟು. ಹಾಸ್ಟೆಲಿನ ಗೆಳತಿ, ಮಂಡ್ಯ ಕಡೆಯವಳು, ಕಾರ್ಡು ಓದಿ ನಕ್ಕಳು: “ಮನೆ ಒಳಗೆ ಎಂಥ ಒಕ್ಕಲುತನ ಮಾಡ್ತೀರೇ?” ಅವಳಿಗೆ ಒಕ್ಕಲುತನವೆಂದರೆ ಬೇಸಾಯ. ಕಣದಲ್ಲಿ ತೆನೆ ತುಳಿಸಿ ಕಾಳು ಬೇರ್ಪಡಿಸುವ ‘ಒಕ್ಕು’ ಎಂಬ ಕ್ರಿಯಾಪದದಿಂದಲೇ ‘ಒಕ್ಕಲು’ ಹುಟ್ಟಿತೆಂದು ಅವಳ ನಂಬಿಕೆ. ಅಲ್ಲಿಯವರೆಗೆ ನನ್ನದೂ ಅದೇ ಆಗಿತ್ತು.

ಕೇಳಲು ಚೆಂದದ ವಿವರಣೆ. ಆದರೆ ನಿಲ್ಲುವುದು ಕಷ್ಟ. ನಮ್ಮ ಶಾಸನಗಳಲ್ಲಿ ‘ತೆಲ್ಲಿಗರಯ್ವತ್ತೊಕ್ಕಲು’ ಎಂಬ ಮಾತು ಬರುತ್ತದೆ. ಗಾಣದ ಕಸುಬಿನ ತೆಲ್ಲಿಗರ ಐವತ್ತು ಮನೆತನಗಳ ಕೂಟವದು. ಎಣ್ಣೆ ತೆಗೆಯುವವರು ಕಣದಲ್ಲಿ ಏನನ್ನು ಒಕ್ಕಿಯಾರು? ಇಲ್ಲಿ ಒಕ್ಕಲು ಎಂದರೆ ಮನೆತನ, ಅಷ್ಟೆ. 1894ರ ಕಿಟೆಲ್ ನಿಘಂಟಿನಲ್ಲೂ ಈ ಪದಕ್ಕೆ ವಾಸ, ಮನೆ ಎಂಬ ಅರ್ಥಗಳಿವೆ. ತಮಿಳಿನಲ್ಲಿ ‘ಒಕ್ಕಲ್’ ಎಂದರೆ ನೆಂಟರಿಷ್ಟರು. ಗೃಹಸ್ಥನು ಕಾಪಾಡಬೇಕಾದ ಐವರನ್ನು ಹೆಸರಿಸುವಾಗ ತಿರುಕ್ಕುರಳ್ ಈ ಪದವನ್ನು ಬಳಸುತ್ತದೆ. ಇಂದಿಗೂ ನಾವು ‘ಇಂಥ ದೇವರ ಒಕ್ಕಲು’ ಎಂದು ಹೇಳಿಕೊಳ್ಳುತ್ತೇವಲ್ಲ, ಅಲ್ಲೂ ಬೇಸಾಯವಿಲ್ಲ. ಒಬ್ಬರ ಆಶ್ರಯಕ್ಕೆ ಸೇರಿದ ಕುಟುಂಬ ಎಂಬ ಭಾವವಿದೆ.

ಹಾಗಾದರೆ ಬೇಸಾಯ ಎಲ್ಲಿಂದ ಬಂತು? ನನಗೆ ತೋರುವುದು ಹೀಗೆ: ಮೊದಲು ಒಂದೆಡೆ ನೆಲೆಸಿದ ಕುಟುಂಬ, ಆಮೇಲೆ ಒಡೆಯನ ಭೂಮಿಯಲ್ಲಿ ನೆಲೆಸಿ ಗೇಣಿ ಕೊಡುವ ಕುಟುಂಬ, ಕೊನೆಗೆ ಆ ಕುಟುಂಬ ಮಾಡುವ ಕೆಲಸ. ಹನ್ನೆರಡನೆಯ ಶತಮಾನದ ವಚನಕಾರ ಒಕ್ಕಲಿಗ ಮುದ್ದಣ್ಣನ ಹೆಸರಿನಲ್ಲಿ ಈ ಕೊನೆಯ ಅರ್ಥ ಆಗಲೇ ನೆಲೆಯೂರಿದೆ. ಆದರೂ ಹಳೆಯದು ಅಳಿದಿಲ್ಲ. ‘ಒಕ್ಕಲೆಬ್ಬಿಸು’ ಎಂದಾಗ ನಾವು ಉಳುಮೆ ನಿಲ್ಲಿಸುವ ಮಾತಾಡುತ್ತಿಲ್ಲ. ಒಲೆ, ಹಟ್ಟಿ, ಮಕ್ಕಳುಮರಿ ಸಮೇತ ಹೊರಹಾಕುವ ಮಾತಾಡುತ್ತಿದ್ದೇವೆ.

ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾರಂತರ ‘ಚೋಮನ ದುಡಿ’ಯನ್ನು (1933) ಮತ್ತೆ ಓದಿದೆ. ಚೋಮನದು ಭೂಮಿಯ ಹಸಿವು ಎಂದು ತರಗತಿಯಲ್ಲಿ ಪಾಠ ಕೇಳಿದ್ದೇವೆ. ತಪ್ಪೇನಿಲ್ಲ. ಆದರೆ ಅವನು ಮಣ್ಣಿನಿಂದ ದೂರವಿದ್ದವನಲ್ಲ; ಧಣಿಯ ಗದ್ದೆಯಲ್ಲಿ ಬೆವರು ಸುರಿಸಿದವನೇ. ಅವನ ಬಳಿ ಎತ್ತುಗಳಿವೆ, ಗುಡಿಸಲಿದೆ, ಬೆಳ್ಳಿಯಂಥ ಮಗಳಿದ್ದಾಳೆ. ಅವನಿಗೆ ಸಿಗದಿರುವುದು ಒಕ್ಕಲಾಗುವ ಹಕ್ಕು, ಅಂದರೆ ಊರಿನ ಲೆಕ್ಕದಲ್ಲಿ ಒಂದು ಮನೆತನವಾಗಿ ನಿಲ್ಲುವ ಹಕ್ಕು. ಸಂಕಪ್ಪಯ್ಯನ ಮನಸ್ಸು ಕರಗುವಂತಿದ್ದರೂ ಅವನ ತಾಯಿ ಅಡ್ಡ ಬರುತ್ತಾಳೆ. ಉಳಲು ಬರುತ್ತದೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ, ಜಾತಿಯೇ ಪ್ರಶ್ನೆ. ‘ಒಕ್ಕುವವನೇ ಒಕ್ಕಲು’ ಎಂಬ ನಿರುಕ್ತಿ ನಿಜವಾಗಿದ್ದರೆ ಚೋಮ ಯಾವತ್ತೋ ಒಕ್ಕಲಾಗಿರಬೇಕಿತ್ತು. ದುಡಿಮೆಯಿಂದ ಹುಟ್ಟಿದ ಪದವೆಂದು ನಂಬಿದಾಗ ಈ ಹೊರಗಿಡುವಿಕೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಈ ನಿರುಕ್ತಿಯ ಜಗಳ ನನಗೆ ಮುಖ್ಯ.

ನಮ್ಮ ಮನೆಯವರು ಚಾಲಗೇಣಿ ಒಕ್ಕಲು. ಚೋಮನಿಗೆ ಸಿಗದ ಆ ಮೆಟ್ಟಿಲು ಜಾತಿಯ ಕಾರಣದಿಂದಲೇ ನಮಗೆ ಸಿಕ್ಕಿತ್ತು ಎಂಬುದನ್ನೂ ಹೇಳಬೇಕು. ಆದರೂ ಧಣಿಗಳು ಬೇಡವೆಂದ ದಿನ ಏಳಬೇಕಾದವರು. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯ ನಂತರ, ಅಜ್ಜ ‘ಡಿಕ್ಲರೇಶನ್’ ಕೊಟ್ಟು ಗದ್ದೆ ಉಳಿಸಿಕೊಂಡರು. ಈಗ ಚಿಕ್ಕಪ್ಪನ ಮನೆ ನಿಂತಿರುವುದು ಅದರ ಅಂಚಿನಲ್ಲೇ. ಅಜ್ಜಿ ಮಾತ್ರ ಇವತ್ತಿಗೂ ದೊಡ್ಡಮನೆಯವರು ಎದುರಾದರೆ “ನಾವು ಅವರ ಒಕ್ಕಲು” ಎನ್ನುತ್ತಾರೆ. ನಾನು ರೇಗುತ್ತಿದ್ದೆ: “ಈಗ ಯಾರ ಒಕ್ಕಲೂ ಅಲ್ಲ ಅಜ್ಜೀ.”

ಮನೆ ಒಕ್ಕಲಿನ ದಿನ ಹಾಲು ಉಕ್ಕಿತು, ಎಲ್ಲರೂ ಊಟಕ್ಕೆ ಕೂತರು. ಕಾರ್ಡಿನ ಮೇಲಿನ ‘ಒಕ್ಕಲು’ ಎಂಬ ಅಕ್ಷರಗಳನ್ನು ಅಜ್ಜಿಗೆ ಓದಿ ಹೇಳಿದೆ. “ನಮ್ಮದೇ ಮನೆಗೆ ನಾವೇ ಒಕ್ಕಲು ಅಂತ ಬರೆಸಿದ್ದಾನಾ?” ಎಂದು ಕೇಳಿ, ಎಲೆಯಡಿಕೆ ಮಡಿಸಿ ಬಾಯಿಗಿಟ್ಟುಕೊಂಡರು.