'ಇದು ಅವನಲ್ಲ' ಅನ್ನೋರು ಯಾರು?

ಒಂದು ದಿನ ಯಾವುದೋ ಬ್ಯಾಂಕಿನಿಂದ ಫೋನ್ ಬಂತು. ನಾನು ಯಾವತ್ತೂ ತಗೊಳ್ಳದ ಬೈಕ್ ಲೋನಿನ ಕಂತು ಬಾಕಿ ಇದೆಯಂತೆ. ಹೆಸರು ನನ್ನದೇ, ಇನಿಷಿಯಲ್ಲೂ ಅದೇ, ಹುಟ್ಟಿದ ವರ್ಷವೂ ಅದೇ. ಊರು ಮಾತ್ರ ಬೇರೆ. "ಸಿಸ್ಟಮ್ಮಲ್ಲಿ ಹಂಗೇ ತೋರಿಸ್ತಿದೆ ಸರ್" ಅಂದರು. ಆ ಮನುಷ್ಯ ನಾನಲ್ಲ ಎಂದು ನಂಬಿಸುವಷ್ಟರಲ್ಲಿ ಮೂರು ತಿಂಗಳು ಕಳೆಯಿತು. ಆದರೂ ನನಗೊಂದು ಅನುಕೂಲ ಇತ್ತು ನೋಡಿ: ನಾನು ಬದುಕಿದ್ದೆ, ಜಗಳ ಆಡೋಕಾಯ್ತು.

ಸತ್ತು ನೂರೈವತ್ತು ವರ್ಷವಾದವರ ಕಡತದಲ್ಲಿ ಹೀಗಾದರೆ?

'ಡಿಜಿಟಲ್ ಪ್ಯಾನಾಪ್ಟಿಕಾನ್' ಜಾಲತಾಣ ನೋಡುವಾಗೆಲ್ಲ ಇದೇ ಪ್ರಶ್ನೆ ಕಾಡುತ್ತದೆ. 1780ರಿಂದ 1925ರವರೆಗೆ ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನಲ್ಲಿ ಶಿಕ್ಷೆಗೊಳಗಾದ ಸುಮಾರು 90,000 ಜನರ ಬದುಕನ್ನು ಮತ್ತೆ ಕಟ್ಟುವ ಪ್ರಯತ್ನ ಇದು. ವಿಚಾರಣೆಯ ವರದಿ ಒಂದು ಕಡೆ, ಜೈಲಿನ ದಾಖಲೆ ಇನ್ನೊಂದು ಕಡೆ, ಆಸ್ಟ್ರೇಲಿಯಾಕ್ಕೆ ಗಡೀಪಾರಾದವರ ಹಡಗಿನ ಪಟ್ಟಿ ಮತ್ತೊಂದು ಕಡೆ. ಕಂಪ್ಯೂಟರ್ ಹೆಸರು, ವಯಸ್ಸು, ತಾರೀಖುಗಳನ್ನು ಹೋಲಿಸಿ 'ಇವೆಲ್ಲ ಒಬ್ಬನೇ ಮನುಷ್ಯನವು' ಎಂದು ಹೊಲಿದು ಕೊಡುತ್ತದೆ.

ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಡೈರಿ ಬರೆಯದ, ಪತ್ರ ಉಳಿಸದ ಕಳ್ಳರು, ಕೆಲಸದಾಳುಗಳು, ಬೀದಿ ಹುಡುಗರು ಇಲ್ಲಿ ಚರಿತ್ರೆಗೆ ಬಂದಿದ್ದಾರೆ. ಕೆಲವರ ಎತ್ತರ, ಕಣ್ಣಿನ ಬಣ್ಣ, ತೋಳಿನ ಮೇಲಿನ ಹಚ್ಚೆ ಕೂಡ ಸಿಗುತ್ತದೆ.

ತೊಡಕು ಇರೋದು ಹೊಲಿಗೆಯಲ್ಲಿ. ಲಂಡನ್ ತುಂಬ ಜಾನ್ ಸ್ಮಿತ್‌ಗಳು. ಗುಮಾಸ್ತ ಕಿವಿಗೆ ಬಿದ್ದಂತೆ ಹೆಸರು ಬರೆದುಕೊಂಡ. ವಯಸ್ಸು ಅಂದಾಜಿನದು. ಸಿಕ್ಕಿಬಿದ್ದವನು ಸುಳ್ಳು ಹೆಸರು ಹೇಳಿದ್ದರೂ ಆಶ್ಚರ್ಯವಿಲ್ಲ. ಹೆಣ್ಣುಮಕ್ಕಳು ಮದುವೆಯಾಗಿ ಹೆಸರು ಬದಲಾದ ಕೂಡಲೇ ಎಳೆ ಕಡಿದುಹೋಗುತ್ತದೆ. ಜೋಡಣೆಗಳೆಲ್ಲ ಖಚಿತವಲ್ಲ ಎಂದು ತಾಣವೇ ಎಚ್ಚರಿಸುತ್ತದೆ. ಆದರೆ ಬಿಡಿ ಕಾಗದಗಳು ಒಂದು ಬಾಳಿನ ಕಥೆಯಾದ ಮೇಲೆ ಆ ಎಚ್ಚರಿಕೆ ಯಾರಿಗೆ ನೆನಪಿರುತ್ತೆ? ನಾನಂತೂ ಮೂರನೇ ಕಥೆಗೇ ಮರೆತಿದ್ದೆ.

'ಹಾಗಾದರೆ ಜನರನ್ನೇ ಕೇಳಿ, ಅವರು ತಿದ್ದಲಿ' ಅಂತೀರಿ. ಸರಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ 2008ರಿಂದ ಹಳೆಯ ಪತ್ರಿಕೆಗಳ ವಿಷಯದಲ್ಲಿ ಅದನ್ನೇ ಮಾಡುತ್ತಿದೆ. ಈಗ 'ಟ್ರೋವ್' ಎಂದು ಹೆಸರಾದ ಆ ತಾಣದಲ್ಲಿ ಯಂತ್ರ ತಪ್ಪಾಗಿ ಓದಿದ ಅಕ್ಷರವನ್ನು ಯಾರು ಬೇಕಾದರೂ ತಿದ್ದಬಹುದು. ಅಲ್ಲಿ ಅದು ಚೆನ್ನಾಗಿ ನಡೆಯಲು ಕಾರಣ ಸರಳ: ಪುಟದ ಚಿತ್ರ ಪಕ್ಕದಲ್ಲೇ ಇರುತ್ತದೆ. ಅನುಮಾನ ಬಂದರೆ ಕಣ್ಣಾರೆ ನೋಡಿ ತೀರ್ಮಾನಿಸಬಹುದು.

ಜೋಡಣೆಗೆ ಅಂಥ ಚಿತ್ರ ಇಲ್ಲ. ಜೈಲಿನ ಕಾಗದವೂ ಸರಿ, ಹಡಗಿನ ಕಾಗದವೂ ಸರಿ. ತಪ್ಪು ಇರೋದು ಎರಡರ ನಡುವೆ. ಅದನ್ನು ಹಿಡಿಯಲು ಆ ಮನೆತನದ ಬಗ್ಗೆ ಬೇರೆ ಏನಾದರೂ ಗೊತ್ತಿರಬೇಕು. ಹಾಗಾಗಿ ಇಲ್ಲಿ ತಿದ್ದಲು ಬರುವವರು ಹೆಚ್ಚಾಗಿ ಮರಿಮೊಮ್ಮಕ್ಕಳು, ವಂಶವೃಕ್ಷ ಹುಡುಕುವವರು.

ನನ್ನ ತಕರಾರು ಇಲ್ಲೇ. ಮೊದಲನೆಯದು, ವಂಶಸ್ಥರಿಗೂ ಆಸೆ ಇರುತ್ತೆ. ಮುತ್ತಜ್ಜ ಬ್ರೆಡ್ ಕದ್ದು ಗಡೀಪಾರಾದ ಅನ್ನೋ ಕಥೆ ಇಷ್ಟವಾಗುತ್ತೆ, ಮತ್ತೆ ಮತ್ತೆ ಹಲ್ಲೆ ಮಾಡಿದ ಅನ್ನೋದು ಇಷ್ಟವಾಗಲ್ಲ. ಎರಡನೆಯದು ಇನ್ನೂ ದೊಡ್ಡದು. ಜೈಲಲ್ಲೇ ಸತ್ತ, ಮಕ್ಕಳಿಲ್ಲದ, ಮನೆಯವರು ಕೈಬಿಟ್ಟ ಹೆಂಗಸಿನ ಪರವಾಗಿ 'ಇದು ಅವಳಲ್ಲ' ಅಂತ ಬರೆಯೋರು ಯಾರು? ಜನರ ಪ್ರತಿಕ್ರಿಯೆಯನ್ನೇ ನೆಚ್ಚಿದರೆ ಸಂಸಾರ ಇದ್ದವರ ಬದುಕು ದಿನದಿಂದ ದಿನಕ್ಕೆ ಶುದ್ಧವಾಗುತ್ತದೆ. ಯಾರೂ ಇಲ್ಲದವರು ಇನ್ನೊಬ್ಬರ ಅಪರಾಧ ಹೊತ್ತು ಹಾಗೇ ಕೂರುತ್ತಾರೆ.

ಬಾಗಿಲು ಸದಾ ತೆರೆದೇ ಇರುತ್ತದೆ ಎಂಬ ಭರವಸೆಯೂ ಬೇಡ. ಬ್ರಿಟನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಸ್ 2014ರಲ್ಲಿ ಮೊದಲ ಮಹಾಯುದ್ಧದ ಬದುಕುಗಳ ತಾಣ ಶುರು ಮಾಡಿತು. ಸುಮಾರು 77 ಲಕ್ಷ ಜನರ ಪುಟಗಳು. ದಾಖಲೆ ಜೋಡಿಸುವ ಕೆಲಸವನ್ನು ಸಾರ್ವಜನಿಕರಿಗೇ ಕೊಟ್ಟರು. 2019ರ ಮಾರ್ಚ್‌ನಲ್ಲಿ ಹೊಸ ಸೇರ್ಪಡೆ ನಿಲ್ಲಿಸಿ ಅದನ್ನು ಶಾಶ್ವತ ಸ್ಮಾರಕ ಎಂದು ಉಳಿಸಿಕೊಂಡರು. ಸ್ಮಾರಕ ಸರಿಯೇ, ಆದರೆ ಆ ದಿನ ಇದ್ದ ತಪ್ಪುಗಳಿಗೂ ಶಾಶ್ವತದ ಮುದ್ರೆ ಬಿತ್ತಲ್ಲ?

ಹಾಗಂತ ಇವನ್ನೆಲ್ಲ ಮುಚ್ಚಿ ಅಂತ ನಾನು ಹೇಳಲ್ಲ. ಕೇಳೋದು ಇಷ್ಟೇ. ಪ್ರತಿ ಜೋಡಣೆಯ ಪಕ್ಕದಲ್ಲೂ ಅದನ್ನು ಯಾಕೆ ಮಾಡಿದರು ಎಂದು ಬರೆದಿರಲಿ. ಯಾರಾದರೂ ಅಲ್ಲಗಳೆದಿದ್ದರೆ ಅದೂ ಅಳಿಸದೆ ಉಳಿಯಲಿ. ಯಾರೂ ಕೇಳದ ಹೆಸರುಗಳಲ್ಲಿ ಒಂದಿಷ್ಟನ್ನು ವರ್ಷಕ್ಕೊಮ್ಮೆ ಎತ್ತಿಕೊಂಡು, ಸಂಬಳ ಪಡೆಯುವ ಸಂಶೋಧಕರೇ ಕೂತು ಪರೀಕ್ಷಿಸಲಿ.

ಆ ಬೈಕ್ ಲೋನಿನವನನ್ನು ನಾನು ಕೊನೆಗೂ ನೋಡಲಿಲ್ಲ. ನನ್ನ ಹೆಸರು ಬಿಡಿಸಿಕೊಂಡೆ, ಅಷ್ಟೇ. ಅವನ ಕಡತಕ್ಕೆ ನನ್ನದೇನಾದರೂ ಅಂಟಿಕೊಂಡಿತ್ತಾ ಅಂತ ಕೇಳಬೇಕು ಅಂತ ಆಗ ನನಗೂ ಹೊಳೆಯಲಿಲ್ಲ.