ಶಾಲೆ ಮತ್ತು ವರ್ಗ: ನವಮಾರ್ಕ್ಸ್‌ವಾದದ ಎರಡು ವಿವರಣೆಗಳು

ಉತ್ಪಾದನ ಸಾಧನಗಳ ಒಡೆತನವು ಕೆಲವರ ಕೈಯಲ್ಲಿರುವುದೇ ಸಾಮಾಜಿಕ ಅಸಮಾನತೆಗೆ ಮೂಲವೆಂಬುದು ಮಾರ್ಕ್ಸನ ಸಿದ್ಧಾಂತ. ಆದರೆ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರುವ ದೇಶಗಳಲ್ಲಿಯೂ ಕಾರ್ಮಿಕನ ಮಗನು ಕಾರ್ಮಿಕನೇ ಆಗುವುದೇಕೆ? ಒಡೆತನದ ಮಾತೊಂದರಿಂದಲೇ ಇದು ಬಗೆಹರಿಯದೆಂದು ಕಂಡು, ನವಮಾರ್ಕ್ಸ್‌ವಾದಿಗಳು ವಿದ್ಯೆ ಸಂಸ್ಕೃತಿಗಳ ಕಡೆಗೆ ದೃಷ್ಟಿಯನ್ನು ಹೊರಳಿಸಿದರು. ಅವರ ಎರಡು ಗ್ರಂಥಗಳನ್ನು ಇಲ್ಲಿ ವಿಮರ್ಶಿಸಲೆಳಸುತ್ತೇವೆ.

ಮೊದಲನೆಯದು ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಯಾಮ್ಯುಯೆಲ್ ಬೌಲ್ಸ್ ಮತ್ತು ಹರ್ಬರ್ಟ್ ಗಿಂಟಿಸ್ 1976ರಲ್ಲಿ ಪ್ರಕಟಿಸಿದ 'ಸ್ಕೂಲಿಂಗ್ ಇನ್ ಕ್ಯಾಪಿಟಲಿಸ್ಟ್ ಅಮೆರಿಕ'. ಶಾಲೆಯ ವ್ಯವಸ್ಥೆಯು ಕಾರ್ಖಾನೆಯ ವ್ಯವಸ್ಥೆಗೆ ಅನುರೂಪವಾಗಿದೆಯೆಂಬುದು ಇವರ ಮುಖ್ಯ ವಾದ. ಕಾರ್ಮಿಕನು ಕೂಲಿಗಾಗಿ ದುಡಿಯುವಂತೆ ವಿದ್ಯಾರ್ಥಿಯು ಅಂಕಗಳಿಗಾಗಿ ದುಡಿಯುತ್ತಾನೆ. ಕೆಳದರ್ಜೆಯ ಉದ್ಯೋಗಕ್ಕೆ ಹೋಗತಕ್ಕವರಿಗೆ ವಿಧೇಯತೆಯನ್ನೂ ಮೇಲ್ದರ್ಜೆಗೆ ಹೋಗತಕ್ಕವರಿಗೆ ಸ್ವತಂತ್ರ ಚಿಂತನೆಯನ್ನೂ ಶಾಲೆ ಕಲಿಸುತ್ತದೆ. ತಂದೆಯ ಅಂತಸ್ತು ಮಗನಿಗೆ ಬರುವುದನ್ನು ಕೇವಲ ಬುದ್ಧಿಶಕ್ತಿಯಿಂದ ವಿವರಿಸಲಾಗದೆಂದು ಅಂಕಿ ಅಂಶಗಳಿಂದ ತೋರಿಸಿದುದು ಇವರ ಹಿರಿಯ ಸಾಧನೆ. ಆದರೆ ಇವರ ದೃಷ್ಟಿಯಲ್ಲಿ ಮಗುವು ಹಸಿ ಮಣ್ಣು, ಶಾಲೆಯು ಅಚ್ಚು. ಅಚ್ಚಿಗೆ ಒಗ್ಗದ ಮಣ್ಣೂ ಉಂಟೆಂಬುದನ್ನು ಇವರು ಸಾಕಷ್ಟು ಗಮನಿಸಲಿಲ್ಲ.

ಈ ಕೊರತೆಯನ್ನು ತುಂಬಿದವರು ಇಂಗ್ಲೆಂಡಿನ ಪಾಲ್ ವಿಲ್ಲಿಸ್. 1977ರಲ್ಲಿ ಪ್ರಕಟವಾದ ಅವರ 'ಲರ್ನಿಂಗ್ ಟು ಲೇಬರ್', ಮಧ್ಯ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣವೊಂದರ ಹನ್ನೆರಡು ಮಂದಿ ಕಾರ್ಮಿಕ ಬಾಲಕರನ್ನು ಕುರಿತದ್ದು. ಇವರು ವಿಧೇಯರಲ್ಲ, ಉಪಾಧ್ಯಾಯರನ್ನು ಗೇಲಿಮಾಡುವವರು, ಪ್ರಮಾಣಪತ್ರವನ್ನು ತುಚ್ಛವೆಣಿಸುವವರು. ಶಾಲೆಯ ಏಣಿ ಒಬ್ಬಿಬ್ಬರನ್ನು ಮೇಲೇರಿಸಬಹುದೇ ಹೊರತು ಇಡೀ ವರ್ಗವನ್ನು ಏರಿಸಲಾರದೆಂಬ ಸತ್ಯವನ್ನು ಇವರು ಅಸ್ಪಷ್ಟವಾಗಿಯಾದರೂ ಕಂಡಿದ್ದರು. ಆದರೆ ಮೈದುಡಿಮೆಯೇ ಗಂಡಸುತನ, ಓದುಬರಹ ಹೆಣ್ಣಿಗತನ ಎಂಬ ಭ್ರಮೆಯೂ ಇವರಲ್ಲಿ ಬೆರೆತಿತ್ತು. ಶಾಲೆಯನ್ನು ಧಿಕ್ಕರಿಸಿದ ಹುರುಪಿನಲ್ಲಿಯೇ ಇವರು ಕಾರ್ಖಾನೆಯ ಕೆಳಮಟ್ಟದ ಕೆಲಸಕ್ಕೆ ತಾವಾಗಿ ನಡೆದರು. ಪ್ರತಿಭಟನೆಯೇ ಬಂಧನವಾದ ಬಗೆಯನ್ನು ಇಷ್ಟು ಸೂಕ್ಷ್ಮವಾಗಿ ತೋರಿಸಿದ ಕೃತಿಗಳು ವಿರಳ.

ಹಾಗೆಂದು ಇದು ನಿರ್ದುಷ್ಟವೆನ್ನಲಾಗದು. ತರಗತಿಯಲ್ಲಿ ತಲೆತಗ್ಗಿಸಿ ಓದಿದ ಬಾಲಕರ ಮನಸ್ಸನ್ನು ವಿಲ್ಲಿಸ್ ಇಷ್ಟು ಆಳವಾಗಿ ಹೊಗಲಿಲ್ಲ. ಬಾಲಕಿಯರಂತೂ ಇಲ್ಲಿ ಬಹುಮಟ್ಟಿಗೆ ಅಗೋಚರರು. ಈ ಎರಡನೆಯ ಲೋಪವನ್ನು ಆಂಜೆಲಾ ಮ್ಯಾಕ್‌ರಾಬಿ 1980ರಲ್ಲಿ ಸರಿಯಾಗಿಯೇ ಆಕ್ಷೇಪಿಸಿದರು. ಇದಕ್ಕಿಂತ ಮಿಗಿಲಾಗಿ, ಕಾರ್ಖಾನೆಯ ಬಾಗಿಲು ಕಾದು ನಿಂತಿದ್ದುದರಿಂದಲೇ ಆ ಬಾಲಕರ ಧಿಕ್ಕಾರಕ್ಕೊಂದು ನೆಲೆಯಿತ್ತು. 1980ರ ದಶಕದಲ್ಲಿ ಆ ಪ್ರದೇಶದ ಅನೇಕ ಕಾರ್ಖಾನೆಗಳು ಮುಚ್ಚಿದ ಮೇಲೆ, ಅಂಥ ಬಾಲಕರಿಗೆ ಉಳಿದುದು ನಿರುದ್ಯೋಗ. ಅವರ ಮನೋಧರ್ಮವಷ್ಟೇ ಅವರ ಗತಿಯನ್ನು ನಿರ್ಧರಿಸಲಿಲ್ಲವೆಂಬುದಕ್ಕೆ ಇದೇ ನಿದರ್ಶನ. ಈ ಮಾತನ್ನು ಮರೆತು ವಿಲ್ಲಿಸರನ್ನು ಓದಿದರೆ, ಬಡತನಕ್ಕೆ ಬಡವನೇ ಹೊಣೆಯೆಂಬ ಹಳೆಯ ತೀರ್ಪಿಗೇ ಮರಳಿದಂತಾಗುವುದು.

ಆದುದರಿಂದ ಈ ಎರಡು ವಿವರಣೆಗಳೂ ಪರಸ್ಪರ ಪೂರಕವೆಂದು ನಾವು ಭಾವಿಸುತ್ತೇವೆ. ಮೊದಲನೆಯದು ಮನುಷ್ಯನನ್ನು ಮರೆತು ವ್ಯವಸ್ಥೆಯನ್ನು ಕಂಡಿತು; ಎರಡನೆಯದು ಮನುಷ್ಯನನ್ನು ನಮಗೆ ಮರಳಿ ಕೊಟ್ಟಿತು. ತರಗತಿಯ ಕೊನೆಯ ಸಾಲಿನ ಹುಡುಗನ ನಗೆಯಲ್ಲಿ ಮೌಢ್ಯವಷ್ಟೇ ಅಲ್ಲ, ನಿಜದ ಅರಿವೂ ಇರಬಹುದೆಂದು ಉಪಾಧ್ಯಾಯನು ತಿಳಿಯಬೇಕು. ಆದರೆ ಉಪಾಧ್ಯಾಯನ ತಿಳಿವಳಿಕೆಯೊಂದರಿಂದಲೇ ಏಣಿಯ ಮೆಟ್ಟಿಲುಗಳು ಹೆಚ್ಚುವುದಿಲ್ಲ ಎಂಬುದನ್ನು ಸಮಾಜವೂ ತಿಳಿಯಬೇಕು.