ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್

ಉಡುಪಿ, ಮಣಿಪಾಲದ ಕಡೆ ಅಂಗಡಿಗಳಲ್ಲಿ ಬರೆದುಕೊಡುವ ಕಂಪ್ಯೂಟರ್ ಕೊಟೇಶನ್ನಿಗೆ ಒಂದು ಖಾಯಂ ಕ್ರಮವಿದೆ. ಮೇಲೆ ಪ್ರೊಸೆಸರ್, ಆಮೇಲೆ ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್. ತೀರಾ ಕೆಳಗೆ, ಕೀಬೋರ್ಡ್ ಮೌಸಿಗಿಂತ ಒಂದು ಗೆರೆ ಮೇಲೆ, ‘ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್’. ಉಳಿದವಕ್ಕೆಲ್ಲ ಕಂಪೆನಿಯ ಹೆಸರಿರುತ್ತದೆ, ಜಿಬಿಯ ಲೆಕ್ಕವಿರುತ್ತದೆ. ಹೊರಕವಚ ಮತ್ತು ಎಲ್ಲ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬಿ ಸೇರಿದ ಈ ಸಾಲಿಗೆ ಅನೇಕ ಬಾರಿ ಹೆಸರೂ ಇಲ್ಲ, ವ್ಯಾಟೂ ಇಲ್ಲ, ಬೆಲೆ ಮಾತ್ರ. ಎಲ್ಲ ಅಂಗಡಿಯವರೂ ಹೀಗೆ ಮಾಡುತ್ತಾರೆಂದಲ್ಲ. ಆದರೆ ಕಡಿಮೆ ಬಜೆಟ್ಟಿನ ಮೊದಲ ಗೇಮಿಂಗ್ ಪಿಸಿ ಕಟ್ಟುವ ನಮ್ಮೂರ ಪದ್ಧತಿಯ ದೋಷ ಅಡಗಿರುವುದು ಈ ಸಾಲಿನಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆ ಆಗುವುದಕ್ಕೆ ಕಾರಣ ಅಂಗಡಿಯವನೊಬ್ಬನೇ ಅಲ್ಲ. ದುಡ್ಡು ಕೊಡುವುದು ಅಪ್ಪ, ಇಲ್ಲವಾದರೆ ಮುಂಬಯಿಯ ಮಾವ. ಆಡುವುದು ಪಿಯುಸಿ ಮುಗಿಸಿದ ಹುಡುಗ. ಇಬ್ಬರಿಗೂ ಅರ್ಥವಾಗುವ ಭಾಷೆ ಎಂದರೆ ಅಂಕಿ. “ಐ ಸೆವೆನ್ ಉಂಟಲ್ಲ? ಗ್ರಾಫಿಕ್ಸ್ ಎಷ್ಟು ಜಿಬಿ?” ಎಂದು ಕೇಳುತ್ತಾರೆ. ಕೇಳಿದ್ದಕ್ಕೆ ತಕ್ಕ ಉತ್ತರ ಸಿಗುತ್ತದೆ. ಅಂಕಿ ಇರುವ ಭಾಗಗಳಿಗೆ ದೊಡ್ಡ ಅಂಕಿ ಬರೆದು, ಅಂಕಿ ಯಾರೂ ಕೇಳದ ಭಾಗದಲ್ಲಿ ಖರ್ಚು ಉಳಿಸಿದರೆ ವ್ಯಾಪಾರ ಆಯಿತು.

ಈ ಐ ಸೆವೆನ್ನಿನ ಕಥೆಯನ್ನೇ ನೋಡಿ. ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ‘ಐ7 ಗೇಮಿಂಗ್ ಪಿಸಿ’ ಎಂದು ದೇಶದಾದ್ಯಂತ ಮಾರುವ ಯಂತ್ರದೊಳಗೆ ಹೆಚ್ಚಾಗಿ ಇರುವುದು ಐ7-3770ರ ಪೀಳಿಗೆಯ ಚಿಪ್. ಅದು ಮಾರುಕಟ್ಟೆಗೆ ಬಂದದ್ದು 2012ರ ಏಪ್ರಿಲಿನಲ್ಲಿ. ಯಾವುದೋ ಆಫೀಸಿನ ಹಳೆಯ ಕಂಪ್ಯೂಟರುಗಳಿಂದ ಕಿತ್ತ ಪ್ರೊಸೆಸರನ್ನು, ಚೀನಾದಲ್ಲಿ ಇಂದಿಗೂ ಹೊಸದಾಗಿ ತಯಾರಾಗುವ ಎಚ್61 ಬೋರ್ಡಿನ ಮೇಲೆ ಕೂರಿಸಿರುತ್ತಾರೆ. ಬೋರ್ಡಿನ ಡಬ್ಬಿ ಹೊಚ್ಚ ಹೊಸದು, ಆದ್ದರಿಂದ ಮೋಸ ಎನ್ನುವ ಹಾಗೂ ಇಲ್ಲ. ಆದರೆ 7 ಎಂಬುದು ಆ ಪೀಳಿಗೆಯೊಳಗಿನ ದರ್ಜೆ. ವಯಸ್ಸು ಹೇಳುವುದು ಅದರ ಮುಂದಿನ 3. 2022ರ ಐ3-12100ಎಫ್ ಹೆಸರಿನಲ್ಲಿ ಕೆಳದರ್ಜೆಯದು, ನಾಲ್ಕೇ ಕೋರಿನದು. ಆಟದಲ್ಲಿ ಆ ಹಳೆಯ ಐ7 ಇದರ ಹತ್ತಿರಕ್ಕೂ ಬರುವುದಿಲ್ಲ. ವೇಗದ ಮಾತು ಬಿಡಿ, ಕೆಲವು ಹೊಸ ಆಟಗಳು ತೆರೆದುಕೊಳ್ಳುವುದೇ ಇಲ್ಲ. ಅವು ಕೇಳುವ ಎವಿಎಕ್ಸ್2 ಎಂಬ ಸೌಲಭ್ಯ ಇಂಟೆಲ್ ಚಿಪ್ಪಿಗೆ ಬಂದದ್ದು 2013ರ ನಾಲ್ಕನೆಯ ಪೀಳಿಗೆಯಲ್ಲಿ. ವಿಂಡೋಸ್ 11 ಎಂಟನೆಯ ಪೀಳಿಗೆಗಿಂತ ಹಿಂದಿನದನ್ನು, ಕೆಲವು ಅಪವಾದ ಬಿಟ್ಟರೆ, ಅಧಿಕೃತವಾಗಿ ಒಪ್ಪುವುದಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟೈಪಿಂಗಿಗೆ, ಜಿಎಸ್‌ಟಿ ಲೆಕ್ಕಕ್ಕೆ ಈ ಯಂತ್ರ ಸಾಕು. ಗೇಮಿಂಗ್ ಎಂದು ಮಾರುವುದು ತಪ್ಪು.

ಇದರ ಜೊತೆ ಬರುವ ‘4 ಜಿಬಿ ಗ್ರಾಫಿಕ್ಸ್’ ಇನ್ನೂ ದೊಡ್ಡ ಕಣ್ಕಟ್ಟು. ಜಿಟಿ 730 ಎಂಬ 2014ರ ಕಾರ್ಡಿಗೆ ನಿಧಾನಗತಿಯ ಡಿಡಿಆರ್3 ಮೆಮೊರಿಯನ್ನು ನಾಲ್ಕು ಜಿಬಿಯಷ್ಟು ಅಂಟಿಸಿ ಮಾರುತ್ತಾರೆ. ತೊಟ್ಟಿ ದೊಡ್ಡದು, ನಳ್ಳಿ ಸಪೂರ. ಆ ಮೆಮೊರಿಯಿಂದ ಸೆಕೆಂಡಿಗೆ 30 ಜಿಬಿಯಷ್ಟೂ ಮಾಹಿತಿ ಹರಿಯುವುದಿಲ್ಲ. 2021ರ ಆರ್‌ಎಕ್ಸ್ 6600ರಲ್ಲಿ ಅದು ಸೆಕೆಂಡಿಗೆ 224 ಜಿಬಿ. ಕಾರ್ಡಿನ ಮಾದರಿ ಸಂಖ್ಯೆ ಕೇಳದೆ ಜಿಬಿ ಕೇಳುವ ಅಭ್ಯಾಸ ಇರುವಷ್ಟು ಕಾಲ ಜಿಟಿ 730ಕ್ಕೆ ಸಾವಿಲ್ಲ.

ಯೂಟ್ಯೂಬ್ ನೋಡಿ ಕಲಿತ ಹುಡುಗರು ಈ ಬಲೆಗೆ ಬೀಳುವುದಿಲ್ಲ. ಬಜೆಟ್ಟಿನ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಗ್ರಾಫಿಕ್ಸ್ ಕಾರ್ಡಿಗೆ, ಪ್ರೊಸೆಸರ್ ಆರು ಕೋರಿನದ್ದಾದರೆ ಸಾಕು, ರ‍್ಯಾಮ್ ಒಂದರ ಬದಲು ಎರಡು ಕಡ್ಡಿ: ಇದೆಲ್ಲ ಅವರಿಗೆ ಬಾಯಿಪಾಠ, ಮತ್ತು ಇದೆಲ್ಲ ಸರಿಯೇ. ಆದರೆ ಆ ಪಟ್ಟಿಗಳನ್ನು ಮಾಡಿದವರು ದಿಲ್ಲಿಯಲ್ಲೋ ಅಮೆರಿಕದಲ್ಲೋ ಎಸಿ ಕೋಣೆಯಲ್ಲಿ ಕೂತವರು. ಅವರ ಪಟ್ಟಿಯಲ್ಲಿ ಮೆಸ್ಕಾಂನ ಕರೆಂಟ್ ಇಲ್ಲ, ಕಾಪುವಿನ ಉಪ್ಪುಗಾಳಿ ಇಲ್ಲ, ಕಾರ್ಕಳದ ಸಿಡಿಲು ಇಲ್ಲ.

ಮೊದಲು ಎಸ್‌ಎಂಪಿಎಸ್ ಎಂಬ ಆ ಅನಾಮಿಕ ಡಬ್ಬಿಯನ್ನು ತಿರುಗಿಸಿ ಅದರ ಸ್ಟಿಕ್ಕರ್ ಓದಿ. ಮೇಲೆ ದಪ್ಪಕ್ಷರದಲ್ಲಿ 450 ಎಂದಿರುತ್ತದೆ. ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಕಾಲಂ ಹುಡುಕಿ, ಅಲ್ಲಿರುವ ಆಂಪಿಯರನ್ನು ಹನ್ನೆರಡರಿಂದ ಗುಣಿಸಿ. 16 ಎಂದಿದ್ದರೆ ಆಯಿತು 192 ವ್ಯಾಟ್. ಗೇಮಿಂಗ್ ಯಂತ್ರದ ಹೊರೆಯೆಲ್ಲ ಬೀಳುವುದು ಈ 12 ವೋಲ್ಟಿನ ಮೇಲೆಯೇ. ಆರ್‌ಎಕ್ಸ್ 6600 ಕಾರ್ಡಿಗೆ 132 ವ್ಯಾಟ್, ರೈಜನ್ 5 5600 ಪೂರ್ತಿ ದುಡಿದರೆ ಅದಕ್ಕೆ ಸುಮಾರು 76. ಇಷ್ಟಕ್ಕೇ ಇನ್ನೂರು ದಾಟಿತು. ಒಳ್ಳೆಯ ಕಂಪೆನಿಯ 450 ವ್ಯಾಟಿನ ಡಬ್ಬಿಯಲ್ಲಿ ಅದೇ ಕಾಲಂ 35 ಆಂಪಿಯರಿನ ಆಸುಪಾಸು ಇರುತ್ತದೆ. ಅಗ್ಗದ್ದರಲ್ಲಿ ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ವಯರೂ ಇರುವುದಿಲ್ಲ. “ಕನ್ವರ್ಟರ್ ಹಾಕಿ ಕೊಡುವ” ಎನ್ನುತ್ತಾರೆ. ಬೇಡ ಎನ್ನಿ. ‘80 ಪ್ಲಸ್’ ಎಂಬ ಮುದ್ರೆ ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದರ ಪರೀಕ್ಷೆಯಷ್ಟೆ, ಬಾಳಿಕೆಯ ಗ್ಯಾರಂಟಿ ಅಲ್ಲ. ಆದರೂ ಆ ಪರೀಕ್ಷೆಗೆ ಹೋಗುವಷ್ಟಾದರೂ ಧೈರ್ಯವಿದ್ದ ಡಬ್ಬಿ ಅನಾಮಿಕಕ್ಕಿಂತ ವಾಸಿ.

ನಮ್ಮಲ್ಲಿ ಎಸ್‌ಎಂಪಿಎಸ್‌ಗೆ ಇನ್ನೊಂದು ಕೆಲಸವೂ ಉಂಟು. ಎಲ್ಲೂರಿನಲ್ಲಿ 1200 ಮೆಗಾವ್ಯಾಟಿನ ವಿದ್ಯುತ್ ಸ್ಥಾವರ ಇದ್ದರೂ ಪಕ್ಕದ ಊರುಗಳಲ್ಲಿ ಜುಲೈ ತಿಂಗಳ ಗಾಳಿಮಳೆಗೆ ಮರ ಬಿದ್ದರೆ ಕರೆಂಟ್ ಹೋಗಲೇಬೇಕು. ಅನೇಕ ಮನೆಗಳಲ್ಲಿ ಇನ್ವರ್ಟರ್ ಇದೆ. ಲೈನಿನಿಂದ ಬ್ಯಾಟರಿಗೆ ಬದಲಾಗುವ ಆ ಗಳಿಗೆಯಲ್ಲಿ ಕಂಪ್ಯೂಟರ್ ಸಾಯದೆ ಉಳಿಯಬೇಕಾದರೆ ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಅಷ್ಟು ಹೊತ್ತಿಗೆ ಸಾಕಾಗುವ ದಾಸ್ತಾನು ಇರಬೇಕು. ಒಳ್ಳೆಯದ್ದರಲ್ಲಿ ಅದು ಸುಮಾರು 16 ಮಿಲಿಸೆಕೆಂಡ್. ಇನ್ವರ್ಟರಿನ ಹಿಂಬದಿಯ ಸ್ವಿಚ್ಚನ್ನು ‘ಯುಪಿಎಸ್’ ಕಡೆಗೆ ಒತ್ತಿದರೆ ಸಾಮಾನ್ಯವಾಗಿ ಅಷ್ಟರೊಳಗೆ ಬದಲಾವಣೆ ಮುಗಿಯುತ್ತದೆ. ಅಗ್ಗದ ಡಬ್ಬಿಯಲ್ಲಿ ಆ ಕೆಪಾಸಿಟರನ್ನೇ ಸಣ್ಣದು ಮಾಡಿರುತ್ತಾರೆ. ಬೇರೆ ಯುಪಿಎಸ್ ಕೊಳ್ಳುವುದಾದರೆ ಎಲ್ಲರೂ ಕೊಡುವ 600 ವಿಎ ಸಾಲದು. ಅದು ನಿಜದಲ್ಲಿ ಸುಮಾರು 360 ವ್ಯಾಟಿನದು. ಮಾನಿಟರ್ ಸೇರಿಸಿ ಆಡುವಾಗ ಮುನ್ನೂರರ ಹತ್ತಿರ ಹೋಗುವ ಯಂತ್ರಕ್ಕೆ, ಮಿತಿಯ ಅಂಚಿಗೆ ತಾಗದೆ ಓಡಬೇಕಾದರೆ, 1000 ವಿಎ ಬೇಕು.

ಇನ್ನು ಅರ್ತಿಂಗ್. ಹಳೆಯ ಹಂಚಿನ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತದೆ, ಮೇಲಿನ ತೂತಿನ ಹಿಂದೆ ವಯರ್ ಇರುವುದಿಲ್ಲ. ಹಾಗಿದ್ದಾಗ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್, ಲೈನಿನ ವೋಲ್ಟೇಜಿನ ಅರ್ಧದಷ್ಟನ್ನು, ಅಂದರೆ 115 ವೋಲ್ಟಿನಷ್ಟನ್ನು, ಕ್ಯಾಬಿನೆಟ್ಟಿನ ತಗಡಿನ ಮೇಲೆ ತಂದು ನಿಲ್ಲಿಸುತ್ತದೆ. ಹರಿಯುವ ಕರೆಂಟ್ ತೀರಾ ಅಲ್ಪವಾದ್ದರಿಂದ ಸಾಮಾನ್ಯವಾಗಿ ಜೀವಕ್ಕೆ ಅಪಾಯ ಇಲ್ಲ. ಆದರೆ ಅಮ್ಮ ಒದ್ದೆ ಕಾಲಲ್ಲಿ ನೆಲ ಒರೆಸುತ್ತಾ ಹಿಂದಿನ ಸ್ಕ್ರೂಗೆ ಕೈ ತಾಗಿಸಿದರೆ ಜುಮ್ ಎನ್ನುತ್ತದೆ. “ನಿನ್ನ ಕಂಪ್ಯೂಟರ್ ಶಾಕ್ ಹೊಡಿತದೆ ಮಾರಾಯ” ಎಂದರೆ ಮಗ ನಗುತ್ತಾನೆ. ನಗುವ ವಿಷಯ ಅಲ್ಲ. ಅದೇ ವೋಲ್ಟೇಜು ಎಚ್‌ಡಿಎಂಐ ವಯರನ್ನು ಟಿವಿಗೆ ಚುಚ್ಚುವಾಗ ಕಿಡಿಯಾಗಿ ಹಾರಿ ಗ್ರಾಫಿಕ್ಸ್ ಕಾರ್ಡಿನ ಪೋರ್ಟನ್ನು ಸುಡಬಲ್ಲದು. ಇಪ್ಪತ್ತು ಸಾವಿರದ ಕಾರ್ಡಿಗೆ ಇಂಥ ಸಾವು ಬರಬಾರದು.

ಕಾರ್ಕಳ, ಹೆಬ್ರಿಯಂಥ ಘಟ್ಟದ ಬುಡದ ಊರುಗಳಲ್ಲಿ ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಸಂಜೆಗಳು ಸಿಡಿಲಿನವು. ಇದಕ್ಕೆ ಯಾವ ಯುಪಿಎಸ್ಸೂ ಮದ್ದಲ್ಲ. ಪ್ಲಗ್ ತೆಗೆಯಿರಿ, ಜೊತೆಗೆ ರೂಟರಿನಿಂದ ಬರುವ ಲ್ಯಾನ್ ವಯರನ್ನೂ ಕೀಳಿ. ಪ್ಲಗ್ ತೆಗೆದೂ ಬೋರ್ಡ್ ಸುಟ್ಟುಕೊಳ್ಳುವವರು ಮರೆಯುವುದು ಈ ಎರಡನೆಯದನ್ನು.

ಕಾಪು, ಕಟಪಾಡಿ, ಮಲ್ಪೆಯ ಕಡಲ ಬದಿಯ ಮನೆಗಳಲ್ಲಿ ಕಿಟಕಿಯ ಸರಳು ಹೇಗೆ ತುಕ್ಕು ಹಿಡಿಯುತ್ತದೆಂದು ಬಲ್ಲವರು ಅಗ್ಗದ ಕ್ಯಾಬಿನೆಟ್ಟಿನ ತೆಳು ತಗಡಿನ ಗತಿಯನ್ನು ಊಹಿಸಬಹುದು. ಮೊದಲು ಕೆಂಪಾಗುವುದು ಬಣ್ಣ ಹೊಡೆಯದ ಹಿಂಬದಿಯ ಪಟ್ಟಿಗಳು. ಆದರೆ ಗಾಜು, ಬಣ್ಣದ ದೀಪಕ್ಕೆ ದುಡ್ಡು ಹಾಕಿ ಮುಂಭಾಗ ಮುಚ್ಚಿದ ಕ್ಯಾಬಿನೆಟ್ ತರುವುದೇ ಈಗಿನ ಫ್ಯಾಶನ್. ನನಗೆ ಅದು ಹಿಡಿಸದು. ಮುಂಭಾಗ ಜಾಲರಿ, ಅದರ ಹಿಂದೆ ತೊಳೆಯಬಹುದಾದ ಧೂಳಿನ ಪರದೆ, ಹಿಂಬದಿಯ ತೂತುಗಳಿಗೆಲ್ಲ ಮುಚ್ಚಳ ಇಷ್ಟಿದ್ದರೆ ಸಾಕು. ಹಲ್ಲಿ, ಇರುವೆಯೂ ಒಳಗೆ ಸಂಸಾರ ಹೂಡುವುದಿಲ್ಲ. ಮಳೆಗಾಲದಲ್ಲಿ ಯಂತ್ರವನ್ನು ಬೆಡ್‌ಶೀಟ್ ಮುಚ್ಚಿ ತಿಂಗಳುಗಟ್ಟಲೆ ಇಡುವುದಕ್ಕಿಂತ ದಿನಕ್ಕೊಮ್ಮೆ ಓಡಿಸಿ ಬಿಸಿ ಮಾಡುವುದು ಒಳ್ಳೆಯದು. ಆಡುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಆಗಸ್ಟಿನಲ್ಲಿ ಮಾನಿಟರ್ ಕಪ್ಪಾಗಿ ಬೀಪ್ ಬಂದರೆ ಗಾಬರಿ ಬೇಡ: ರ‍್ಯಾಮ್ ಕಳಚಿ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲ ಉಜ್ಜಿ, ಪುಡಿ ಕೊಡವಿ ಮತ್ತೆ ಹಾಕುವುದು ನಮ್ಮ ರಿಪೇರಿಯವರ ಹಳೆಯ ವಿದ್ಯೆ. ಬಹಳ ಸಲ ಅಷ್ಟರಲ್ಲೇ ಏಳುತ್ತದೆ.

ಭಾಗಗಳ ಆಯ್ಕೆಗೆ ಬಂದರೆ, ನಲವತ್ತು ಸಾವಿರದೊಳಗೆ ಎಲ್ಲವೂ ಬೇಕು ಎನ್ನುವವರಿಗೆ ಕಾರ್ಡೇ ಇಲ್ಲದೆ ಶುರು ಮಾಡುವುದು ಜಾಣತನ. ರೈಜನ್ 5 5600ಜಿ ಚಿಪ್ಪಿನೊಳಗೇ ಗ್ರಾಫಿಕ್ಸ್ ಇದೆ. ವ್ಯಾಲೊರಂಟ್, ಜಿಟಿಎ 5ರಂಥ ಆಟಗಳನ್ನು ಸೆಟ್ಟಿಂಗ್ ಇಳಿಸಿ ಆಡಬಹುದು. ಅದು ರ‍್ಯಾಮನ್ನೇ ಗ್ರಾಫಿಕ್ಸ್ ಮೆಮೊರಿಯಾಗಿ ಬಳಸುವುದರಿಂದ ಎಂಟೆಂಟು ಜಿಬಿಯ ಎರಡು ಕಡ್ಡಿ ಕಡ್ಡಾಯ. ಆಮೇಲೆ ಕಾರ್ಡ್ ಹಾಕುವಾಗ ಮಾತ್ರ ಎಚ್ಚರ: 5600ಜಿಯಲ್ಲಿ ಕಾರ್ಡಿಗೆ ಮಾಹಿತಿ ಸಾಗಿಸುವ ಪಿಸಿಐಇ ದಾರಿ ಮೂರನೆಯ ಆವೃತ್ತಿಯದು. ನಾಲ್ಕೇ ಲೇನಿನ ಆರ್‌ಎಕ್ಸ್ 6500 ಎಕ್ಸ್‌ಟಿಯನ್ನು ಅದಕ್ಕೆ ಜೋಡಿಸಿದರೆ ಕಾರ್ಡಿನ ಶಕ್ತಿ ದಾರಿಯಲ್ಲೇ ಸೋರುತ್ತದೆ. ಅಗ್ಗವೆಂದು ಈ ಜೋಡಿಯನ್ನು ಸಲಹೆ ಮಾಡುವವರಿದ್ದಾರೆ, ಕೇಳಬೇಡಿ. ಅರವತ್ತು ಸಾವಿರದ ಸುತ್ತ ಹೋಗಬಲ್ಲವರು 5600 ಅಥವಾ ಇಂಟೆಲಿನ 12400ಎಫ್, ಜೊತೆಗೆ ಆರ್‌ಎಕ್ಸ್ 6600 ದರ್ಜೆಯ 8 ಜಿಬಿ ಕಾರ್ಡು ಎಂದು ನಿಶ್ಚಯಿಸಿದರೆ 1080ಪಿ ಮಾನಿಟರಿಗೆ ಕೊರತೆ ಇಲ್ಲ.

ಎಲ್ಲಿ ಕೊಳ್ಳುವುದು? ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬೆಲೆ ಕಡಿಮೆ ಇರುವುದುಂಟು. ಆದರೆ ಹಾಳಾದ ಬೋರ್ಡನ್ನು ಹಿಡಿದು ರಾತ್ರಿ ಬಸ್ಸು ಹತ್ತಬೇಕಾದವರು ನೀವು. ದುಬೈಯಿಂದ ಬರುವ ಭಾವನ ಬ್ಯಾಗಿನಲ್ಲಿ ಕಾರ್ಡು ತರಿಸುವವರು, ಆ ಕಂಪೆನಿ ಅಲ್ಲಿನ ಬಿಲ್ಲಿಗೆ ಇಲ್ಲಿ ವಾರಂಟಿ ಕೊಡುತ್ತದೆಯೇ ಎಂದು ಮೊದಲೇ ಕೇಳಬೇಕು. ನನ್ನ ಮತ ಊರಿನ ಅಂಗಡಿಗೇ, ಒಂದು ಷರತ್ತಿನೊಂದಿಗೆ: ಪ್ರತಿ ಭಾಗದ ಮಾದರಿ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆದುಕೊಡಬೇಕು. ಸಾವಿರ, ಎರಡು ಸಾವಿರ ಹೆಚ್ಚಾದರೂ ನಷ್ಟವಿಲ್ಲ.

ಸೆಕೆಂಡ್ ಹ್ಯಾಂಡಿಗೆ ಮಣಿಪಾಲದಂಥ ಊರು ಬೇರೆ ಇಲ್ಲ. ಕೊನೆಯ ಸೆಮಿಸ್ಟರ್ ಮುಗಿಸಿದವರು ಫ್ಲ್ಯಾಟ್ ಖಾಲಿ ಮಾಡುವ ಮೇ–ಜೂನಿನಲ್ಲಿ ಮಾನಿಟರ್, ರ‍್ಯಾಮ್, ಪ್ರೊಸೆಸರುಗಳು ಸಿಗುತ್ತವೆ. ಇವು ಮೂರನ್ನೂ ಹಳೆಯದು ಕೊಳ್ಳಬಹುದು. ಕಾರ್ಡಾದರೆ ಎದುರಿಗೇ ಅರ್ಧ ಗಂಟೆ ಆಟ ಓಡಿಸಿ ನೋಡಿ. 2022ರ ಸೆಪ್ಟೆಂಬರಿನಲ್ಲಿ ಕಾರ್ಡುಗಳಿಂದ ನಡೆಯುತ್ತಿದ್ದ ಇಥೀರಿಯಂ ಎಂಬ ಕ್ರಿಪ್ಟೊ ಹಣದ ಮೈನಿಂಗ್ ನಿಂತ ಮೇಲೆ ಜಗತ್ತಿನಾದ್ಯಂತ ಮಾರಾಟಕ್ಕೆ ಬಿದ್ದ, ಹಗಲಿರುಳು ದುಡಿದ ಕಾರ್ಡುಗಳು ಇನ್ನೂ ಕೈಯಿಂದ ಕೈಗೆ ಸುತ್ತುತ್ತಿವೆ. ಎಸ್‌ಎಂಪಿಎಸ್ ಮಾತ್ರ ಹಳೆಯದು ಬೇಡವೇ ಬೇಡ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಹಸಿವಿಗೆ ರ‍್ಯಾಮಿನ ಬೆಲೆ ಎದ್ದಿದೆ. ಕ್ರೂಷಿಯಲ್ ಹೆಸರಿನಲ್ಲಿ ಜನಸಾಮಾನ್ಯರಿಗೆ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಆ ವ್ಯಾಪಾರವನ್ನೇ ಬಿಡುವುದಾಗಿ ಡಿಸೆಂಬರಿನಲ್ಲಿ ಪ್ರಕಟಿಸಿತು. ಹಾಗಾಗಿ ಈಗ ಕಟ್ಟುವವರು ಡಿಡಿಆರ್5ರ ಆಸೆ ಬಿಟ್ಟು, ಡಿಡಿಆರ್4 ಬೋರ್ಡು, 16 ಜಿಬಿ ಹಳೆಯ ರ‍್ಯಾಮಿನಲ್ಲಿ ನಿಲ್ಲುವುದು ಲೇಸು. ಉಳಿದ ದುಡ್ಡಿನಲ್ಲಿ ಒಬ್ಬ ಎಲೆಕ್ಟ್ರಿಶಿಯನ್ನನ್ನು ಮನೆಗೆ ಕರೆಸಿ ಅರ್ತಿಂಗ್ ಸರಿಯಿದೆಯೇ ನೋಡಿಸಿ. ಕಾರ್ಡಿನ ಆರ್ಡರ್ ಅದಾದ ಮೇಲೆ ಕೊಡಿ.